ಹಡಗಿನ ಬೆಕ್ಕು ಸೈಮನ್

ಹೊರಟಾಗ ಬೆಕ್ಕು ಅಡ್ಡ ಬಂದರೆ ಕನ್ನಡ ನಾಡಿನ ಹಿರಿಯರು ಹಿಂದಿರುಗಿ, ಜಗುಲಿಯ ಮೇಲೆ ಕೊಂಚ ಕುಳಿತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡುವುದುಂಟು. ಆಂಗ್ಲ ನಾವಿಕರ ನಂಬಿಕೆ ಇದಕ್ಕೆ ತೀರ ವಿರುದ್ಧವಾಗಿತ್ತು. ಬೆಕ್ಕು ಜೊತೆಗಿದ್ದರೆ ಪ್ರಯಾಣ ಶುಭವೆಂದೇ ಅವರ ಎಣಿಕೆ. ಈ ನಂಬಿಕೆಯ ಹಿಂದೆ ಲೋಕವ್ಯವಹಾರವೂ ಇದ್ದಿತೆನ್ನಬೇಕು. ಹಡಗನ್ನು ಇಲಿಗಳು ಹೊಕ್ಕರೆ ಉಗ್ರಾಣದ ಧಾನ್ಯವೂ ಉಳಿಯದು, ಹಗ್ಗವೂ ಉಳಿಯದು, ರೋಗವೂ ತಪ್ಪದು. 1975ರಲ್ಲಿ ಶುಚಿತ್ವದ ಕಾರಣದಿಂದ ನಿಷೇಧವಾಗುವವರೆಗೂ ಬ್ರಿಟಿಷ್ ನೌಕಾಪಡೆಯ ಹಡಗುಗಳಲ್ಲಿ ಬೆಕ್ಕುಗಳು ಸಿಬ್ಬಂದಿಯೊಡನೆ ಸಿಬ್ಬಂದಿಯಾಗಿ ಬಾಳಿದವು. ಅವುಗಳಲ್ಲಿ ಸೈಮನ್‌ನಷ್ಟು ಪ್ರೀತಿಯನ್ನೂ ಕಣ್ಣೀರನ್ನೂ ಪಡೆದ ಬೆಕ್ಕು ಇನ್ನೊಂದಿರಲಾರದು.

1948ರ ಮಾರ್ಚ್ ತಿಂಗಳು. ಹಾಂಗ್‌ಕಾಂಗಿನ ಹಡಗುಕಟ್ಟೆಯಲ್ಲಿ ಹೊಟ್ಟೆಗಿಲ್ಲದೆ ಬಡಕಲಾಗಿ ಅಲೆಯುತ್ತಿದ್ದ ಕಪ್ಪು ಬಿಳುಪಿನ ಗಂಡುಬೆಕ್ಕೊಂದು ‘ಅಮೆಥಿಸ್ಟ್’ ಎಂಬ ಯುದ್ಧನೌಕೆಯ ನಾವಿಕ ಜಾರ್ಜ್ ಹಿಕಿನ್‌ಬಾಟಮ್‌ನ ಕಣ್ಣಿಗೆ ಬಿದ್ದಿತು. ಅವನೂ ಇನ್ನೂ 17 ವರ್ಷದ ಹುಡುಗ. ಅದನ್ನು ಅಂಗಿಯೊಳಗೆ ಅಡಗಿಸಿಕೊಂಡು, ಮೇಲಿನವರ ಕಣ್ಣು ತಪ್ಪಿಸಿ ಹಡಗಿಗೆ ತಂದನು. ಗುಟ್ಟು ಬಹಳ ದಿನ ನಿಲ್ಲಲಿಲ್ಲ. ನಿಲ್ಲುವ ಅವಶ್ಯಕತೆಯೂ ಉಂಟಾಗಲಿಲ್ಲ. ಕಪ್ತಾನ ಇಯಾನ್ ಗ್ರಿಫಿತ್ಸ್ ಅವರಿಗೇ ಅದರ ಮೇಲೆ ಮಮತೆ ಹುಟ್ಟಿತು. ಅವರು ಶಿಳ್ಳೆ ಹಾಕಿದರೆ ಸೈಮನ್ ಎಲ್ಲಿದ್ದರೂ ಓಡಿಬರುತ್ತಿತ್ತು. ಕಪ್ತಾನರ ಟೋಪಿಯೇ ಅದಕ್ಕೆ ಹಾಸಿಗೆ. ಊಟದ ಮೇಜಿನ ಮೇಲಿನ ನೀರಿನ ಹೂಜಿಯೊಳಗೆ ಪಂಜ ಇಳಿಬಿಟ್ಟು ಮಂಜುಗಡ್ಡೆಯ ತುಂಡನ್ನು ಎತ್ತಿಕೊಳ್ಳುವ ವಿದ್ಯೆಯನ್ನೂ ಅದು ಸಾಧಿಸಿತ್ತು.

ಚೀನಾದಲ್ಲಿ ಆಗ ಅಂತರ್ಯುದ್ಧ. ಯಾಂಗ್‌ಟ್ಸಿ ನದಿಯ ಆಚೆ ದಡದಲ್ಲಿ ಕಮ್ಯುನಿಸ್ಟರ ಸೈನ್ಯ, ಈಚೆ ದಡದಲ್ಲಿ ರಾಷ್ಟ್ರೀಯವಾದಿಗಳದು. ನಾನ್‌ಕಿಂಗ್ ನಗರದ ಬ್ರಿಟಿಷ್ ರಾಯಭಾರ ಕಚೇರಿಯ ಕಾವಲಿಗೆಂದು ‘ಅಮೆಥಿಸ್ಟ್’ ಶಾಂಘೈಯಿಂದ ಹೊರಟು ಆ ನದಿಯಲ್ಲಿ ಮೇಲಕ್ಕೆ ಸಾಗಿತ್ತು. 1949ರ ಏಪ್ರಿಲ್ 20ರ ಬೆಳಿಗ್ಗೆ ಕಮ್ಯುನಿಸ್ಟರ ಫಿರಂಗಿಗಳು ಅದರ ಮೇಲೆ ಗುಂಡಿನ ಮಳೆ ಸುರಿಸಿದವು. ಹಡಗು ಕೆಸರುದಿಬ್ಬದಲ್ಲಿ ಹೂತು ನಿಂತಿತು. ಗ್ರಿಫಿತ್ಸ್ ಅವರ ಸ್ಥಾನಕ್ಕೆ ಬಂದಿದ್ದ ಕಪ್ತಾನ ಬರ್ನಾರ್ಡ್ ಸ್ಕಿನ್ನರ್ ಮಾರಣಾಂತಿಕವಾಗಿ ಗಾಯಗೊಂಡು ತೀರಿಕೊಂಡರು. ಅವರ ಕೋಣೆಗೇ ಗುಂಡು ಬಡಿದಿತ್ತು. ಆ ಕೋಣೆಯಲ್ಲಿ ಸೈಮನ್ ಇತ್ತು.

ಅದು ಕಣ್ಣಿಗೆ ಬಿದ್ದಾಗ ಮೀಸೆ ಸುಟ್ಟು, ಬೆನ್ನೂ ಕಾಲೂ ರಕ್ತಮಯವಾಗಿದ್ದವು. ಗಾಯಾಳುಗಳಿಂದ ತುಂಬಿಹೋಗಿದ್ದ ಆ ಹಡಗಿನಲ್ಲಿ ಬೆಕ್ಕಿಗೂ ಸರದಿ ಬಂದಿತು. ಲೋಹದ ನಾಲ್ಕು ಚೂರುಗಳನ್ನು ಹೊರತೆಗೆದು ಪಟ್ಟಿ ಕಟ್ಟಿದರು. ರಾತ್ರಿ ಕಳೆಯುವುದು ಅನುಮಾನವೆಂದೇ ಎಲ್ಲರೂ ತಿಳಿದಿದ್ದರು. ಬೆಳಗಾಯಿತು, ಬೆಕ್ಕು ಉಸಿರಾಡುತ್ತಲೇ ಇತ್ತು.

ಮುಂದೆ ಜಾನ್ ಕೆರನ್ಸ್ ಎಂಬವರು ಬಂದು ಹಡಗಿನ ಹೊಣೆ ಹೊತ್ತರು. ಹಡಗಿಗೆ ಅಲುಗಾಡಲು ಅನುಮತಿಯಿಲ್ಲ. ಮಾತುಕತೆ ನಡೆಯುತ್ತಲೇ ಹೋಯಿತು, ಮುಗಿಯಲಿಲ್ಲ. ಎಣ್ಣೆ ಉಳಿಸಲು ಗಾಳಿಯ ಯಂತ್ರಗಳನ್ನು ನಿಲ್ಲಿಸಿದ್ದರಿಂದ ಕಬ್ಬಿಣದ ಹಡಗು ಬೇಸಗೆಯಲ್ಲಿ ಕಾದ ಕಾವಲಿಯಂತಾಯಿತು. ಇದ್ದ ಆಹಾರಕ್ಕೆ ಇಲಿಗಳು ಮುತ್ತಿಗೆ ಹಾಕಿದವು. ಗಾಯ ಮಾಯುವ ಮೊದಲೇ ಸೈಮನ್ ಉಗ್ರಾಣಕ್ಕೆ ಇಳಿಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟವೆಂಬ ಗಾದೆ ಇಲ್ಲಿ ಅರ್ಧ ಮಾತ್ರ ಸಲ್ಲುತ್ತದೆ. ಮೈತುಂಬ ನೋವಿದ್ದ ಬೆಕ್ಕಿಗೆ ಅದು ಚೆಲ್ಲಾಟವಾಗಿರಲಿಲ್ಲ. ಆದರೂ ದಿನಕ್ಕೆ ಒಂದಾದರೂ ಇಲಿ ಬೀಳುತ್ತಿತ್ತು. ಯಾರ ಕೈಗೂ ಸಿಕ್ಕದ ಒಂದು ಘೋರ ಹೆಗ್ಗಣಕ್ಕೆ ನಾವಿಕರು ‘ಮಾವೊ ತ್ಸೆ ತುಂಗ್’ ಎಂದು ಹೆಸರಿಟ್ಟಿದ್ದರು. ಅದನ್ನೂ ಸೈಮನ್ ಒಂದೇ ನೆಗೆತಕ್ಕೆ ಮುಗಿಸಿದಾಗ ಹಡಗಿನಲ್ಲಿ ಹಬ್ಬದ ಸಂಭ್ರಮ.

ಆದರೆ ಇಲಿಗಳ ಲೆಕ್ಕವೇ ಅದರ ದೊಡ್ಡ ಸೇವೆಯೆನ್ನಲಾಗದು. ಹಡಗಿನ ಹುಡುಗರಲ್ಲಿ ಅನೇಕರು ತಮ್ಮ ಸಂಗಡಿಗರ ದೇಹಗಳನ್ನು ಅದೇ ನದಿಗೆ ಒಪ್ಪಿಸಿದ್ದರು. ಗಾಯಾಳುಗಳ ಹಾಸಿಗೆಗೆ ಸೈಮನ್ ಹತ್ತಿ, ಮಗ್ಗುಲಲ್ಲಿ ಮುದುಡಿ ಗುರುಗುಟ್ಟುತ್ತ ಮಲಗುತ್ತಿತ್ತು. ತಮ್ಮಂತೆಯೇ ಪೆಟ್ಟು ತಿಂದೂ ಬದುಕಿದ ಜೀವವೊಂದು ಕೈಗೆ ಬೆಚ್ಚಗೆ ತಾಗಿದಾಗ ಆ ಹುಡುಗರಿಗೆ ಏನನ್ನಿಸಿತೆಂಬುದನ್ನು ಮನೆಯಲ್ಲಿ ಬೆಕ್ಕು ಸಾಕಿದವರಿಗೆ ವಿವರಿಸಬೇಕಾಗಿಲ್ಲ.

101 ದಿನಗಳು ಕಳೆದ ಮೇಲೆ, ಜುಲೈ 30ರ ರಾತ್ರಿ, ‘ಅಮೆಥಿಸ್ಟ್’ ಕತ್ತಲಲ್ಲಿ ಲಂಗರು ಕಳಚಿ ನದಿಯಿಳಿದು ಬೆಳಗಾಗುವಷ್ಟರಲ್ಲಿ ಕಡಲು ಸೇರಿತು. ಸುದ್ದಿ ಲೋಕವನ್ನೆಲ್ಲ ಸುತ್ತಿತು, ಸುದ್ದಿಯ ಜೊತೆಗೆ ಬೆಕ್ಕಿನ ಹೆಸರೂ. ಶೌರ್ಯ ತೋರಿದ ಪ್ರಾಣಿಗಳಿಗಾಗಿ ಮರಿಯಾ ಡಿಕಿನ್ ಎಂಬ ಮಹಿಳೆ 1943ರಲ್ಲಿ ಸ್ಥಾಪಿಸಿದ ‘ಡಿಕಿನ್ ಪದಕ’ ಸೈಮನ್‌ಗೆ ಎಂದು ಘೋಷಣೆಯಾಯಿತು. ಪಾರಿವಾಳ, ನಾಯಿ, ಕುದುರೆಗಳಿಗೆ ದೊರೆತ ಆ ಪದಕವನ್ನು ಪಡೆದ ಬೆಕ್ಕು ಈವರೆಗೂ ಅದೊಂದೇ. ಸೈಮನ್‌ನ ವಿಳಾಸಕ್ಕೆ ಬರುವ ಪತ್ರಗಳು ಅದೆಷ್ಟು ಹೆಚ್ಚಿದವೆಂದರೆ ಉತ್ತರ ಬರೆಯಲೆಂದೇ ಸ್ಟುವರ್ಟ್ ಹೆಟ್ ಎಂಬ ಅಧಿಕಾರಿಯನ್ನು ‘ಬೆಕ್ಕಿನ ಅಧಿಕಾರಿ’ಯಾಗಿ ನೇಮಿಸಬೇಕಾಯಿತು.

ನವೆಂಬರ್ 1ರಂದು ಹಡಗು ಪ್ಲಿಮತ್ ಬಂದರಿಗೆ ಬಂದಿತು. ನಾವಿಕರು ತಾಯಿತಂದೆಯರನ್ನು ಅಪ್ಪಿಕೊಂಡರು. ಸೈಮನ್ ಮಾತ್ರ ಪ್ರತ್ಯೇಕವಾಸಕ್ಕೆ ಹೋಯಿತು. ಹೊರದೇಶದಿಂದ ಬಂದ ಬೆಕ್ಕು ನಾಯಿಗಳನ್ನು ಆರು ತಿಂಗಳು ಬೇರೆಯಾಗಿ ಇರಿಸಬೇಕೆಂಬುದು ಅಲ್ಲಿನ ಆಗಿನ ಕಾನೂನಾಗಿತ್ತು. ಅದನ್ನು ಕ್ರೂರವೆಂದು ದೂರುವುದು ಸುಲಭ. ಆದರೆ ಹುಚ್ಚುನಾಯಿ ರೋಗವನ್ನು 1922ರಲ್ಲಿ ಬೇರುಸಹಿತ ಕಿತ್ತೊಗೆದಿದ್ದ ದ್ವೀಪ ಅದು; ವೀರ ಬೆಕ್ಕಿಗೊಂದು, ಬೀದಿಯ ಬೆಕ್ಕಿಗೊಂದು ನಿಯಮ ಮಾಡಿದ್ದರೆ ಅದು ನಿಯಮವಾಗುತ್ತಿರಲಿಲ್ಲ. ಕೆರನ್ಸ್ ಅಲ್ಲಿಗೂ ಹೋಗಿ ನೋಡಿಬಂದರು. ಆದರೆ ಗಾಯಗಳಿಂದ ಸೊರಗಿದ್ದ ದೇಹಕ್ಕೆ ಕರುಳಿನ ಬೇನೆ ತಗುಲಿತು. ಔಷಧ ಹಿಡಿಯಲಿಲ್ಲ. ಫಿರಂಗಿಗೆ ಮಣಿಯದ ಸೈಮನ್ ನವೆಂಬರ್ 28ರಂದು, ಹಡಗಿನಿಂದ ದೂರದಲ್ಲಿ, ಕಣ್ಣು ಮುಚ್ಚಿತು. ಡಿಸೆಂಬರಿನಲ್ಲಿ ಪದಕ ತೊಡಿಸಲು ದಿನ ಗೊತ್ತಾಗಿತ್ತು.

ಇಲ್‌ಫರ್ಡ್ ಎಂಬಲ್ಲಿನ ಪ್ರಾಣಿಗಳ ರುದ್ರಭೂಮಿಯಲ್ಲಿ, ರಾಷ್ಟ್ರಧ್ವಜ ಹೊದಿಸಿ, ನೌಕಾಪಡೆಯ ಮರ್ಯಾದೆಯೊಡನೆ ಅದನ್ನು ಹೂಳಿದರು. ‘ಅಮೆಥಿಸ್ಟ್’ ಹಡಗನ್ನು 1957ರಲ್ಲಿ ಒಡೆದುಹಾಕಿದರು. ಪದಕ 1993ರಲ್ಲಿ ಹರಾಜಿಗೆ ಬಂದು 23 ಸಾವಿರ ಪೌಂಡಿಗೂ ಮಿಗಿಲಾದ ಬೆಲೆಗೆ ಹೋಯಿತು. ಸಮಾಧಿಯ ಕಲ್ಲಿನ ಮೇಲೆ ಹಡಗಿನ ಹೆಸರು, ಸೇವೆಯ ಅವಧಿ, ಪದಕದ ಉಲ್ಲೇಖ ಎಲ್ಲವೂ ಇವೆ; ಯಾಂಗ್‌ಟ್ಸಿಯ ಆ ದಿನಗಳಲ್ಲಿ ಅದರ ನಡತೆ ಅತ್ಯುನ್ನತವಾಗಿತ್ತೆಂದೂ ಕೆತ್ತಿದೆ. ಹೂಜಿಯಿಂದ ಮಂಜುಗಡ್ಡೆ ಕದ್ದ ವಿಷಯವನ್ನು ಬರೆದಿಲ್ಲ.