3 ಗ್ರಾಂ, 35 ಗುಂಟೆ

ಜಮಖಂಡಿಯಿರಲಿ ಬೀಳಗಿಯಿರಲಿ, ಲ್ಯಾಬಿನಿಂದ ರಕ್ತದ ರಿಪೋರ್ಟ್ ಕೈಗೆ ಬಂದರೆ ಕಣ್ಣು ಮೊದಲು ಹುಡುಕುವುದು ಕೊಲೆಸ್ಟ್ರಾಲಿನ ಸಾಲನ್ನು. 200 ಎಂದಿದ್ದರೆ ಮನೆಯಲ್ಲಿ ಎಣ್ಣೆ, ತುಪ್ಪದ ಮಾತು ಶುರು. ಆ 200 ಮಿಲಿಗ್ರಾಂ ಇರುವುದು 100 ಮಿಲಿಲೀಟರ್ ರಕ್ತದ್ರವದಲ್ಲಿ. ನಮ್ಮೊಳಗೆ ಅಂಥ ದ್ರವ ಸುಮಾರು 3 ಲೀಟರ್. ಅಂದರೆ ಒಟ್ಟು 6 ಗ್ರಾಂ. ಆದರೆ 70 ಕಿಲೊ ತೂಗುವವರ ಮೈಯಲ್ಲಿರುವ ಕೊಲೆಸ್ಟ್ರಾಲ್ ಸುಮಾರು 140 ಗ್ರಾಂ! ಉಳಿದದ್ದರ ಬಹುಪಾಲು ಜೀವಕೋಶಗಳ ಪೊರೆಗಳಲ್ಲಿ ಸೇರಿಕೊಂಡಿದೆ. ಒಟ್ಟಿನ ಕಾಲುಭಾಗದಷ್ಟು ಮಿದುಳೊಂದರಲ್ಲೇ ಇದೆ.

ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್. ರಬಕವಿ-ಬನಹಟ್ಟಿಯ ಮಗ್ಗದ ಮೇಲಿನ ನೂಲಿನೆಳೆ ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪ ಎಂದಿಟ್ಟುಕೊಳ್ಳಿ. ಅಷ್ಟು ದಪ್ಪ ಬರಲು ಇಂಥ 20,000 ಪೊರೆಗಳನ್ನು ಒಂದರ ಮೇಲೊಂದು ಪೇರಿಸಬೇಕು.

ಒಂದು ಕೆಂಪು ರಕ್ತಕಣದ ಪೊರೆಯಲ್ಲಿ ಸುಮಾರು 20 ಕೋಟಿ ಕೊಲೆಸ್ಟ್ರಾಲ್ ಅಣುಗಳಿವೆ. ಅಂಥ ಕಣಗಳು ಮೈತುಂಬ 25 ಲಕ್ಷ ಕೋಟಿ. ಒಂದೊಂದರ ಮೇಲ್ಮೈ 140 ಚದರ ಮೈಕ್ರೋಮೀಟರ್. ಎಲ್ಲ ಪೊರೆಗಳನ್ನೂ ಬಿಚ್ಚಿ ಹಾಸಿದರೆ 3,500 ಚದರ ಮೀಟರ್ ಆಗುತ್ತದೆ. ಮುಧೋಳದ ರೈತರ ಲೆಕ್ಕದಲ್ಲಿ ಹೇಳುವುದಾದರೆ 35 ಗುಂಟೆ, ಎಕರೆಗೆ ಐದೇ ಗುಂಟೆ ಕಡಿಮೆ. ಅಷ್ಟು ದೊಡ್ಡ ಕಬ್ಬಿನ ಹೊಲದ ಉದ್ದಗಲಕ್ಕೂ ಹರಡಿಕೊಂಡಿರುವ ಕೊಲೆಸ್ಟ್ರಾಲಿನ ತೂಕವೆಷ್ಟು? 3 ಗ್ರಾಂ ಚಿಲ್ಲರೆ. ಚಹಾಕ್ಕೆ ಹಾಕುವ ಒಂದು ಚಮಚ ಸಕ್ಕರೆಗಿಂತ ಕಡಿಮೆ. ಮತ್ತೆ ಮತ್ತೆ ಲೆಕ್ಕ ಹಾಕಿ ನೋಡಿದೆ, ಉತ್ತರ ಬದಲಾಗಲಿಲ್ಲ.

ಜೀವಕೋಶದ ಪೊರೆಗಳಲ್ಲಿ ಕೊಲೆಸ್ಟ್ರಾಲಿನ ಹಂಚಿಕೆ ಎಲ್ಲ ಕಡೆ ಸಮನಾಗಿಲ್ಲ. ಕೋಶದ ಹೊರಪೊರೆಯ ಪ್ರತಿ 100 ಕೊಬ್ಬಿನಣುಗಳಲ್ಲಿ 30ರಿಂದ 40 ಕೊಲೆಸ್ಟ್ರಾಲ್. ಅದು ತಯಾರಾಗುವುದು ಮಾತ್ರ ಒಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಪೊರೆಗಳ ಜಾಲದಲ್ಲಿ. ಅಲ್ಲಿ ಉಳಿಯುವುದು 100ಕ್ಕೆ 5ರ ಆಸುಪಾಸು. ನೇಕಾರರ ಮನೆಯಲ್ಲಿ ನೇಯ್ದ ಸೀರೆ ನೇಯ್ದಂತೆ ಪೇಟೆಗೆ ಹೋಗುವ ಹಾಗೆ. 1985ರಲ್ಲಿ ನೊಬೆಲ್ ಪಡೆದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರ ತಂಡ 2008ರಲ್ಲಿ ತೋರಿಸಿದಂತೆ, ಈ 5ರ ಗೆರೆ ದಾಟಿತೆಂದರೆ ಕೊಲೆಸ್ಟ್ರಾಲ್ ತಯಾರಿಸಲು ಹೋಗುವ ಸಂದೇಶಕ್ಕೆ ತಡೆ ಬೀಳುತ್ತದೆ. ಗೆರೆಯ ಕೆಳಗಿಳಿದರೆ ತಡೆ ತೆರವಾಗುತ್ತದೆ.

ಹೊರಪೊರೆಯೊಳಗೂ ಗುಂಪುಗಾರಿಕೆಯಿದೆ. 1998ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ರಜತ್ ವರ್ಮಾ ಮತ್ತು ಸತ್ಯಜಿತ್ ಮೇಯರ್, ಪೊರೆಗೆ ಕೊಬ್ಬಿನ ಕೊಂಡಿಯಿಂದ ಅಂಟಿಕೊಂಡ ಪ್ರೋಟೀನುಗಳು 70 ನ್ಯಾನೋಮೀಟರಿಗಿಂತ ಕಿರಿದಾದ ತಾಣಗಳಲ್ಲಿ ಕೂಡಿರುವುದನ್ನು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಕೊಲೆಸ್ಟ್ರಾಲ್ ತಗ್ಗಿಸಿದರೆ ಆ ಕೂಟ ಚದುರುತ್ತಿತ್ತು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಬಿಡಿಬಿಡಿಯಾಗಿ ಕಾಣಲಾರದ ಇವುಗಳನ್ನು ಅವರು ಹಿಡಿದದ್ದು, ಒಂದು ಹೊಳೆಯುವ ಅಣುವಿನಿಂದ ಪಕ್ಕದ ಅಣುವಿಗೆ ಶಕ್ತಿ ದಾಟುವುದನ್ನು ಅಳೆದು. 2004ರ ಹೊತ್ತಿಗೆ ಮೇಯರ್ ತಂಡದ ಲೆಕ್ಕ ಇನ್ನೂ ಸಣ್ಣದಾಗಿತ್ತು: ಒಂದು ಗುಂಪಿನಲ್ಲಿ ಹೆಚ್ಚೆಂದರೆ 4 ಪ್ರೋಟೀನು, ಪೊರೆಯ ದಪ್ಪದಷ್ಟೇ ಅಗಲದ ಜಾಗದಲ್ಲಿ.