ಹುಬ್ಬಳ್ಳಿ ಹತ್ತಿರ, ಹೊನ್ನಾವರ ದೂರ

ತುಮಕೂರಿನಿಂದ ಹುಬ್ಬಳ್ಳಿಗೆ ಸುಮಾರು 340 ಕಿಲೋಮೀಟರ್. ಗುಬ್ಬಿಯಿಂದ ಹೊನ್ನಾವರಕ್ಕೆ ಹೆಚ್ಚೂಕಡಿಮೆ 350. ಇಷ್ಟು ದೂರದಲ್ಲಿ ಹತ್ತು ಕಿಲೋಮೀಟರು ಒಂದು ವ್ಯತ್ಯಾಸವೇ ಅಲ್ಲ. ಆದರೆ ಬೆಳಗ್ಗೆ ಆರಕ್ಕೆ ಬೈಕು ಹತ್ತಿದ ಇಬ್ಬರಲ್ಲಿ ಒಬ್ಬ ಹುಬ್ಬಳ್ಳಿಯಲ್ಲಿ ಮಧ್ಯಾಹ್ನದ ಜೋಳದ ರೊಟ್ಟಿ ಊಟಕ್ಕೆ ಕೂತಿರುತ್ತಾನೆ. ಇನ್ನೊಬ್ಬ ಹೊನ್ನಾವರ ಮುಟ್ಟುವ ಹೊತ್ತಿಗೆ ಸಂಜೆ ನಾಲ್ಕು ದಾಟಿರುತ್ತದೆ, ಮಳೆಗಾಲವಾದರೆ ಇನ್ನೂ ತಡ.

ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸಬಹುದು ಎಂದು ಕೇಳುವವರು ಬಹಳ ಮಂದಿ. 300 ಎನ್ನುವವರಿದ್ದಾರೆ, 500 ಎಂದು ಎದೆ ತಟ್ಟುವವರೂ ಇದ್ದಾರೆ. ನನಗೆ ಪ್ರಶ್ನೆಯೇ ಸ್ವಲ್ಪ ವಾರೆಯಾಗಿ ಕಾಣುತ್ತದೆ. ಮೈ ದಣಿಯುವುದು ಸೀಟಿನ ಮೇಲೆ ಕಳೆದ ಗಂಟೆಗಳ ಲೆಕ್ಕದಲ್ಲಿ. ಮೊದಲು ಗಂಟೆ ಗೊತ್ತುಮಾಡಿಕೊಳ್ಳಬೇಕು. ನಾವು ಹೋಗುವ ರಸ್ತೆಯಲ್ಲಿ ಅಷ್ಟು ಗಂಟೆಗೆ ಎಷ್ಟು ದೂರ ಸಾಗುತ್ತದೋ ಅದೇ ಆ ದಿನದ ಕಿಲೋಮೀಟರು.

ಇಲ್ಲಿ ಬಹಳ ಜನ ಎಡವುವುದು ಸರಾಸರಿಯಲ್ಲಿ. 100 ಕಿ.ಮೀ. ದಾರಿಯನ್ನು 80ರ ವೇಗದಲ್ಲಿ, ಇನ್ನೊಂದು 100 ಕಿ.ಮೀ.ಯನ್ನು 30ರ ವೇಗದಲ್ಲಿ ಹೋದರೆ ಸರಾಸರಿ 55 ಅಂತ ಬಾಯಿಗೆ ಬಂದುಬಿಡುತ್ತದೆ. ಲೆಕ್ಕ ಹಾಕಿ ನೋಡಿ. ಮೊದಲ ನೂರಕ್ಕೆ ಒಂದೂಕಾಲು ಗಂಟೆ, ಎರಡನೆಯದಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ಒಟ್ಟು 200 ಕಿ.ಮೀ.ಗೆ ನಾಲ್ಕು ಗಂಟೆ ಮೂವತ್ತೈದು ನಿಮಿಷ. ಸರಾಸರಿ 44 ಕೂಡ ಬರುವುದಿಲ್ಲ. ನಿಧಾನದ ತುಂಡೇ ಹೆಚ್ಚು ಹೊತ್ತು ತಿನ್ನುವುದರಿಂದ ಸರಾಸರಿಯನ್ನು ಅದೇ ಕೆಳಕ್ಕೆ ಎಳೆಯುತ್ತದೆ. ವೇಗದ ತುಂಡಿನಲ್ಲಿ ಎಷ್ಟು ಅವಸರ ಮಾಡಿದರೂ ಇದನ್ನು ಸರಿದೂಗಿಸಲಾಗದು. 100 ಕಿ.ಮೀ. ಒಳ್ಳೆಯ ರಸ್ತೆಯಲ್ಲಿ 60ರ ಬದಲು 80ರಲ್ಲಿ ಹೋದರೆ ಉಳಿಯುವುದು ಇಪ್ಪತ್ತೈದೇ ನಿಮಿಷ. ಅದು ಒಂದು ತಿಂಡಿಗೆ ಸರಿಹೋಗುತ್ತದೆ.

ಹೊನ್ನಾವರದ ದಾರಿಗೆ ಇದನ್ನು ಅನ್ವಯಿಸೋಣ. ಗುಬ್ಬಿಯಿಂದ ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗಕ್ಕೆ 190 ಕಿ.ಮೀ. ಆಸುಪಾಸು. ಊರು ಬಂತು ಎಂದರೆ ಹಂಪು ಬಂತು, ಸಂತೆ ದಿನವಾದರೆ ರಸ್ತೆಯೇ ಅರ್ಧ ಸಂತೆ. ಎಡಗೈ ಕ್ಲಚ್ಚು ಹಿಡಿದು ಬಿಡುತ್ತಲೇ ಇರುತ್ತದೆ. 50ರ ಸರಾಸರಿ ಸಿಕ್ಕರೆ ಪುಣ್ಯ. ಮೂರು ಗಂಟೆ ಐವತ್ತು ನಿಮಿಷ. ಶಿವಮೊಗ್ಗದಿಂದ ಸಾಗರ ಎಪ್ಪತ್ತು ಚಿಲ್ಲರೆ, ಒಂದೂವರೆ ಗಂಟೆ. ಅಲ್ಲಿಂದ ಜೋಗದ ಕಡೆ ಹಾದು ಗೇರುಸೊಪ್ಪೆಯ ತಿರುವುಗಳನ್ನು ಇಳಿದು ಹೊನ್ನಾವರಕ್ಕೆ ಸುಮಾರು 90. ಇಲ್ಲಿ 35 ಇಟ್ಟುಕೊಳ್ಳುವುದು ಕ್ಷೇಮ, ಎರಡೂವರೆ ಗಂಟೆ ದಾಟುತ್ತದೆ. ಗಾಲಿ ಉರುಳಿದ್ದೇ ಎಂಟು ಗಂಟೆ. ತಿಂಡಿ, ಊಟ, ಪೆಟ್ರೋಲು, ಸುಮ್ಮನೆ ಕಾಲು ಚಾಚುವುದು ಸೇರಿ ಹತ್ತು. ಹುಬ್ಬಳ್ಳಿಗಾದರೆ ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ಎಂದು ರಾಷ್ಟ್ರೀಯ ಹೆದ್ದಾರಿ 48ರ ಅಗಲ ರಸ್ತೆ ಉದ್ದಕ್ಕೂ ಇದೆ. 65ರ ಸರಾಸರಿಯಲ್ಲಿ ಐದೂಕಾಲು ಗಂಟೆ, ನಿಲುಗಡೆ ಸೇರಿ ಏಳರೊಳಗೆ.

ಬೈಕಿಗೆ ವೇಗದ ಮಿತಿಯೂ ಉಂಟು. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ ವಿಭಜಕವಿರುವ ಚತುಷ್ಪಥದಲ್ಲಿ 80, ಉಳಿದ ರಸ್ತೆಗಳಲ್ಲಿ 60. ಮೈಸೂರು ಕಡೆ ಹೋಗುವವರಿಗೆ ಇನ್ನೊಂದು ಮಾತು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಕುಣಿಗಲ್ಲಿನವರು ನಾಗಮಂಗಲದ ಮೇಲೆ ಹೋದರೆ ಆ ರಗಳೆ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ಮೈಯ ವಿಚಾರ. ಕುಣಿಗಲ್ಲಿನಿಂದ ತುಮಕೂರಿಗೆ ನಿತ್ಯ ಬೈಕಿನಲ್ಲೇ ಕೆಲಸಕ್ಕೆ ಓಡಾಡುವವರು ಎಷ್ಟೋ ಜನ. ಹೋಗಿ ಬಂದರೆ ಎಪ್ಪತ್ತು ಕಿಲೋಮೀಟರಿನ ಮೇಲೆ. ಅದರ ನಾಲ್ಕರಷ್ಟು ತಾನೇ ಮಂಗಳೂರು, ಏನು ಮಹಾ ಎಂದು ಅವರಿಗೆ ಅನ್ನಿಸುವುದು ಸಹಜ. ಆದರೆ ನಿತ್ಯದ ಓಡಾಟದಲ್ಲಿ ಹೋಗುವುದಕ್ಕೂ ಬರುವುದಕ್ಕೂ ನಡುವೆ ಎಂಟು ಗಂಟೆ ಬಿಡುವಿದೆ. ಬೆಳಗಿನ ಮುಕ್ಕಾಲು ಗಂಟೆಯ ಆಯಾಸವನ್ನು ಮೈ ಅಷ್ಟರೊಳಗೆ ಅಳಿಸಿಹಾಕಿರುತ್ತದೆ. ಒಂದೇ ಸಮ ಓಡಿಸಿದಾಗ ಅಳಿಸಲು ಸಮಯವೇ ಸಿಗದೆ ಆಯಾಸ ಕೂಡುತ್ತಾ ಹೋಗುತ್ತದೆ. ಆರನೇ ಗಂಟೆ ಮೊದಲ ಗಂಟೆಯಂತಿರುವುದಿಲ್ಲ.

ಕೂಡಿಬರುವುದರಲ್ಲಿ ಗಾಳಿಯದು ದೊಡ್ಡ ಪಾಲು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ 90ಕ್ಕೆ ಹೋದರೆ ವೇಗ ಒಂದೂವರೆಯಷ್ಟಾಯಿತು, ಎದೆಗೆ ಒತ್ತುವ ಬಲ ಎರಡೂಕಾಲು ಪಟ್ಟಾಯಿತು. ಮುಂದೆ ಗಾಜು ಇಲ್ಲದ ಬೈಕಿನಲ್ಲಿ ನೆಟ್ಟಗೆ ಕೂತವನನ್ನು 80ರ ವೇಗದಲ್ಲಿ ಗಾಳಿ ಸುಮಾರು ಹತ್ತು ಕಿಲೋ ತೂಕದಷ್ಟು ಬಲದಿಂದ ಹಿಂದಕ್ಕೆ ದೂಡುತ್ತಿರುತ್ತದೆ. ಅದನ್ನು ತಡೆಯಲು ಅವನು ಹ್ಯಾಂಡಲ್ ಹಿಡಿದು ಜಗ್ಗುತ್ತಲೇ ಇರಬೇಕು. ಕತ್ತು, ಹೆಗಲು, ಮುಂಗೈ ಹಿಡಿದುಕೊಳ್ಳುವುದು ಇದರಿಂದ. ಸದ್ದಿನದೂ ಇದೇ ಕತೆ. 80 ದಾಟಿತೆಂದರೆ ಹೆಲ್ಮೆಟ್ಟಿನೊಳಗೆ ಗಾಳಿಯ ಮೊರೆತವೇ 90 ಡೆಸಿಬೆಲ್ ಸುತ್ತಮುತ್ತ ಇರುತ್ತದೆ. 85 ಡೆಸಿಬೆಲ್ ಸದ್ದನ್ನು ಕಿವಿ ಎಂಟು ಗಂಟೆ ತಡೆಯಬಹುದು, ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ ಎಂಬ ಲೆಕ್ಕ ಹಿಡಿದರೆ 91ಕ್ಕೆ ಉಳಿಯುವುದು ಎರಡೇ ಗಂಟೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ಗು ಕಿವಿಯನ್ನು ಕಾಯುತ್ತದೆ, ಸಂಜೆಯ ತಲೆಭಾರವನ್ನೂ ತಗ್ಗಿಸುತ್ತದೆ.

ಕಾಫಿಗೆ ನಿಲ್ಲಿಸಿದಾಗ ಲೋಟ ಹಿಡಿದ ಬಲಗೈಯನ್ನು ಒಮ್ಮೆ ಗಮನಿಸಿ. ಬೆರಳ ತುದಿ ಜುಮುಜುಮು ಅನ್ನುತ್ತಿರುತ್ತದೆ, ಕಿರುಬೆರಳು ಮತ್ತು ಅದರ ಪಕ್ಕದ್ದು ಇನ್ನೂ ಹೆಚ್ಚು. ನಮ್ಮ ಕಡೆಯ ಬಹುಪಾಲು ಬೈಕುಗಳು 100ರಿಂದ 150 ಸಿಸಿಯ ಒಂದೇ ಸಿಲಿಂಡರಿನವು. ನಿಮಿಷಕ್ಕೆ 4500 ಸುತ್ತು ತಿರುಗುವ ಎಂಜಿನ್ನು ಸೆಕೆಂಡಿಗೆ 75 ಸಲ ನಡುಗುತ್ತದೆ, ಆ ನಡುಕ ಹ್ಯಾಂಡಲ್ ಹಾದು ಅಂಗೈಯ ನರಕ್ಕೆ ಬಡಿಯುತ್ತದೆ. ಕಾರ್ಖಾನೆ ಕೆಲಸಗಾರರ ಕೈಗಳ ಕಂಪನವನ್ನು ಅಳೆಯುವವರು ಒಂದು ಸೂತ್ರ ಬಳಸುತ್ತಾರೆ: ಕಂಪನದ ತೀವ್ರತೆ ಎರಡರಷ್ಟಾದರೆ ಕೈ ತಡೆಯುವ ಸಮಯ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಂಜಿನ್ನು ಹೆಚ್ಚು ನಡುಗದ ಒಂದು ವೇಗ, ಸಾಮಾನ್ಯವಾಗಿ 50–60ರ ನಡುವಿನದು, ಪ್ರತಿ ಗಾಡಿಗೂ ಇರುತ್ತದೆ. ಹಾಗಾಗಿ ಅದನ್ನು ಕಂಡುಕೊಂಡು ಅಲ್ಲೇ ಹೋಗುವವನು ಸಂಜೆಗೆ ಹೆಚ್ಚು ದೂರ ಹೋಗಿರುತ್ತಾನೆ. ಕೂರುವ ಜಾಗದ ನೋವು ಬೇರೆ. ಅಲ್ಲಿ ಎರಡು ಮೂಳೆಗಳ ಮೇಲೆ ಭಾರವೆಲ್ಲ ಬಿದ್ದು, ಸುತ್ತಲಿನ ಸಣ್ಣ ರಕ್ತನಾಳಗಳು ಅಮುಕಿಹೋಗುತ್ತವೆ. ಮೆತ್ತನೆ ಸೀಟು ಹಾಕಿಸಿದರೆ ನೋವು ಮುಂದಕ್ಕೆ ಹೋಗುತ್ತದೆ, ಇಲ್ಲವಾಗುವುದಿಲ್ಲ. ಗಂಟೆಗೊಮ್ಮೆ ಐದು ನಿಮಿಷ ಇಳಿದು ನಡೆಯುವುದಕ್ಕೆ ಸಮನಾದ ಸೀಟನ್ನು ಯಾರೂ ಮಾಡಿಲ್ಲ.

ಎಲ್ಲಕ್ಕಿಂತ ಮೋಸ ಮಾಡುವುದು ಬಿಸಿಲು. ಏಪ್ರಿಲ್‌ನಲ್ಲಿ ಶಿರಾ–ಹಿರಿಯೂರಿನ ನಡುವೆ ಗಾಳಿಯೇ 37–38 ಡಿಗ್ರಿ ಇರುತ್ತದೆ. ನಮ್ಮ ಚರ್ಮದ ಬಿಸಿ ಸುಮಾರು 35. ತನಗಿಂತ ಬಿಸಿಯಾದ ಗಾಳಿ ಬೀಸಿದರೆ ಮೈ ತಣಿಯುವುದಿಲ್ಲ, ಇನ್ನಷ್ಟು ಕಾಯುತ್ತದೆ. ತಣಿಸುವುದು ಬೆವರೊಂದೇ. ಒಂದು ಲೀಟರು ಬೆವರು ಆವಿಯಾದರೆ 580 ಕಿಲೊಕ್ಯಾಲರಿಯಷ್ಟು ಶಾಖ ಮೈಯಿಂದ ಹೋಗುತ್ತದೆ. ಒಣ ಗಾಳಿಯಲ್ಲಿ ಬೆವರು ಬಂದದ್ದೇ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದೇ ಇಲ್ಲ, ನೀರು ಕಳೆದುಕೊಂಡದ್ದು ಸವಾರನಿಗೆ ಗೊತ್ತಾಗುವುದಿಲ್ಲ. ಗೇರುಸೊಪ್ಪೆ ಇಳಿದು ಕರಾವಳಿ ಮುಟ್ಟಿದರೆ ಇದಕ್ಕೆ ತಿರುಗುಮುರುಗು. ಬೆವರು ಧಾರಾಕಾರ, ಆದರೆ ತೇವದ ಗಾಳಿಯಲ್ಲಿ ಆರುವುದಿಲ್ಲ, ಹಾಗಾಗಿ ತಂಪೂ ಇಲ್ಲ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಸಿಮ್ಯುಲೇಟರಿನಲ್ಲಿ ಎರಡು ಗಂಟೆ ಕಾರು ಓಡಿಸಿದವರಲ್ಲಿ, ನೀರು ಕಡಿಮೆ ಕುಡಿದ ದಿನ ತಪ್ಪುಗಳ ಸಂಖ್ಯೆ ಸರಿಯಾಗಿ ಕುಡಿದ ದಿನಕ್ಕಿಂತ ಎರಡರಷ್ಟಕ್ಕೂ ಹೆಚ್ಚಾಯಿತು. ಆ ಚಾಲಕರು ಕೋಣೆಯೊಳಗೆ ಕೂತ ನಾಲ್ಕು ಚಕ್ರದವರು ಎಂಬುದನ್ನು ನೆನಪಿಡಿ. ಗುಬ್ಬಿ–ತಿಪಟೂರು ರಸ್ತೆಯಲ್ಲಿ ಎಳನೀರಿಗೇನು ಬರವಿಲ್ಲ, ಕುಡಿಯಿರಿ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಿನಲ್ಲಿ ಹೋಗುವ ಉಪ್ಪು ಅಂದರೆ ಸೋಡಿಯಂ ಕಡಿಮೆ. ಉಪ್ಪು ಹಾಕಿದ ನೀರುಮಜ್ಜಿಗೆಯೂ ಜೊತೆಗಿರಲಿ.

ಕೊನೆಯದು ನಿದ್ದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎಚ್ಚರ ತಗ್ಗುವುದು ಮುದ್ದೆ ಉಂಡಿದ್ದಕ್ಕೆ ಎಂದು ನಾವು ಹೇಳುತ್ತೇವೆ. ಮುದ್ದೆಯ ಮೇಲೆ ಅಷ್ಟೂ ಅಪವಾದ ಹೊರಿಸುವುದು ನ್ಯಾಯವಲ್ಲ. ಮೈಯೊಳಗಿನ ಗಡಿಯಾರವೇ ಆ ಹೊತ್ತಿಗೆ ಇಳಿಮುಖವಾಗುತ್ತದೆ, ಉಪವಾಸವಿದ್ದರೂ ಅಷ್ಟೇ. ಹೊಟ್ಟೆ ಬಿರಿಯ ಉಂಡರೆ ಇಳಿತ ಇನ್ನೂ ಆಳವಾಗುತ್ತದೆ. ಮೂರು ಸೆಕೆಂಡು ಕಣ್ಣು ಅಂಟಿದರೆ 80ರ ವೇಗದ ಬೈಕು 66 ಮೀಟರು ಸಾಗಿರುತ್ತದೆ. ಶುಕ್ರವಾರ ಕೆಲಸ ಮುಗಿಸಿ ರಾತ್ರಿಯೇ ಹೊರಡುವವರು ಇನ್ನೊಂದನ್ನು ಗಮನಿಸಬೇಕು. ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದ ಪ್ರಕಾರ, 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಚುರುಕು ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರ ಇದ್ದವರಷ್ಟೇ ಮಂಕಾಗಿರುತ್ತದೆ. ನಮ್ಮ ಕಾನೂನಿನ ಮಿತಿ 30. ಬೆಳಗ್ಗೆ ಆರಕ್ಕೆ ಎದ್ದವನು ರಾತ್ರಿ ಹನ್ನೊಂದಕ್ಕೆ ಗಾಡಿಯ ಮೇಲಿದ್ದರೆ ಒಂದು ತೊಟ್ಟೂ ಕುಡಿಯದೆ ಆ ಗೆರೆ ದಾಟಿದ ಹಾಗಾಯಿತು.

ಹಾಗಾದರೆ ಎಷ್ಟು ಗಂಟೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಸ್ಸು, ಲಾರಿ ಚಾಲಕರಿಗೆ ದಿನಕ್ಕೆ ಎಂಟು ಗಂಟೆ ದುಡಿಮೆ ಎನ್ನುತ್ತಿತ್ತು. ಐದು ಗಂಟೆ ಕಳೆಯುವುದರೊಳಗೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕಿತ್ತು. ಅವರು ತಲೆಯ ಮೇಲೆ ಸೂರು, ಬೆನ್ನಿಗೆ ಒರಗು ಇರುವವರು, ಓಡಿಸುವುದೇ ಕಸುಬಾದವರು. ಬೈಕಿನವನಿಗೆ ಗಾಲಿ ಉರುಳುವ ಹೊತ್ತು ಆರು ಗಂಟೆ ಮೀರಬಾರದು ಎಂಬುದು ನನ್ನ ಲೆಕ್ಕ. ಮೊದಲ ಸಲದವರಿಗೆ ನಾಲ್ಕೂವರೆ ಸಾಕು. ಹೆದ್ದಾರಿಯಲ್ಲಿ ಆರು ಗಂಟೆಗೆ 350 ದಾಟಬಹುದು, ಮಲೆನಾಡಿನಲ್ಲಿ 200 ಮುಟ್ಟದೆಯೂ ಇರಬಹುದು. ಹಿಂದೆ ಹೆಂಡತಿಯೋ ಅಮ್ಮನೋ ಕೂತಿದ್ದರೆ ಇನ್ನೂ ಒಂದು ಗಂಟೆ ಕಳೆಯಿರಿ. ಬ್ರೇಕು ಯಾವಾಗ ಬೀಳುತ್ತದೆ ಎಂದು ಓಡಿಸುವವನಿಗೆ ಮೊದಲೇ ಗೊತ್ತು, ಹಿಂದಿನವರ ಸೊಂಟಕ್ಕೆ ಗೊತ್ತಿಲ್ಲ.

24 ಗಂಟೆಯಲ್ಲಿ 1000 ಮೈಲಿ, ಅಂದರೆ 1609 ಕಿ.ಮೀ. ಓಡಿಸಿದವರಿಗೆ ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಪ್ರಮಾಣಪತ್ರ ಕೊಡುತ್ತದೆ. ಅದು ಸವಾಲು, ಪ್ರವಾಸಕ್ಕೆ ಅಳತೆಗೋಲಲ್ಲ. ಗುಬ್ಬಿಯ ಮೇಲೆ ಹಾದುಹೋದವರಲ್ಲಿ ನನಗೆ ಮೆಚ್ಚುಗೆಯಾಗುವ ಯೋಜನೆ 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್‌ನದು. ಟಿಪ್ಪು ಸತ್ತ ಮರುವರ್ಷ ಕಂಪನಿ ಸರ್ಕಾರದ ಅಪ್ಪಣೆಯಂತೆ ಸೀಮೆ ಸುತ್ತಿದ ಈ ವೈದ್ಯ ದಿನಕ್ಕೆ ಕೆಲವೇ ಹರದಾರಿ ಸಾಗಿ, ತಂಗಿದ ಊರಿನ ಬೆಳೆ, ಬೆಲೆ, ಸಂತೆ ಎಲ್ಲವನ್ನೂ ವಿಚಾರಿಸಿ ಬರೆದುಕೊಂಡ. ಗುಬ್ಬಿಯ ಅಡಕೆ ವ್ಯಾಪಾರದ ವಿವರ ನಮಗೆ ಸಿಗುವುದು ಹಾಗೆ.

ಹಲವು ದಿನದ ಪ್ರವಾಸದಲ್ಲಿ ಎರಡನೇ ದಿನ ಮೊದಲ ದಿನಕ್ಕಿಂತ ಕಡಿಮೆ ಇರಬೇಕು, ನಾಲ್ಕನೇ ದಿನ ಅರ್ಧ. ದಣಿವಿನಂತೆ ನಿದ್ದೆಯ ಕೊರತೆಯೂ ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2003ರ ಅಧ್ಯಯನದಲ್ಲಿ ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರ ಚುರುಕು ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು, ಆದರೆ ತಮಗೆ ಅಷ್ಟೇನೂ ನಿದ್ದೆ ಬರುತ್ತಿಲ್ಲ ಎಂದೇ ಅವರು ಹೇಳುತ್ತಿದ್ದರು. ‘ನಾನು ಚೆನ್ನಾಗಿಯೇ ಇದ್ದೀನಿ’ ಎಂಬ ಮಾತಿಗೆ ಮೂರನೇ ದಿನ ಬೆಲೆಯಿಲ್ಲ.

ಹೊನ್ನಾವರಕ್ಕೆ ಹೋಗುವುದಾದರೆ ಮೊದಲ ರಾತ್ರಿ ಸಾಗರದಲ್ಲಿ ತಂಗಿ. ಗುಬ್ಬಿಯಿಂದ ಅಲ್ಲಿಗೆ ಐದೂವರೆ ಗಂಟೆಯೊಳಗಿನ ಸವಾರಿ. ಬೆಳಗ್ಗೆ ಜೋಗ ನೋಡಿಕೊಂಡು ಘಾಟಿ ಇಳಿದರೆ ತಿರುವುಗಳಿಗೆ ಮೈ ಹೊಸದಾಗಿರುತ್ತದೆ, ಊಟದ ಹೊತ್ತಿಗೆ ಸಮುದ್ರ. ವಾಪಸು ಬರುವಾಗ ಒಂದೇ ದಿನದಲ್ಲಿ ಬರಲೇಬೇಕು ಎನ್ನುವವರು ಆರು ಗಂಟೆಗೇ ಹೊರಟು ಘಾಟಿಯನ್ನು ತಂಪು ಹೊತ್ತಿನಲ್ಲಿ ಹತ್ತಿಬಿಡಲಿ. ಆಗ ನಿದ್ದೆಯ ಹೊತ್ತು ಬೀಳುವುದು ಕಡೂರು–ಅರಸೀಕೆರೆ ನಡುವಿನ ಬೇಸರದ ರಸ್ತೆಗೆ. ತರೀಕೆರೆಯಲ್ಲಿ ಹಗುರವಾಗಿ ಉಂಡು, ಒಂದು ಕಾಫಿ ಕುಡಿದು, ತಕ್ಷಣ ಹದಿನೈದು ನಿಮಿಷ ಅಡ್ಡಾಗುವುದು ಒಳ್ಳೆಯದು. ಕಾಫಿ ಕೆಲಸ ಶುರುಮಾಡಲು ಇಪ್ಪತ್ತು ನಿಮಿಷ ಬೇಕು, ಎದ್ದಾಗ ಎರಡೂ ಒಟ್ಟಿಗೆ ಒದಗುತ್ತವೆ. ಗುಬ್ಬಿ, ತುಮಕೂರಿನವರು ದೀಪ ಹಚ್ಚುವುದರೊಳಗೆ ಮನೆ ಸೇರುತ್ತಾರೆ. ಅಲ್ಲಿಂದಲೂ ಬೆಂಗಳೂರಿಗೆ ಹೋಗಬೇಕಾದವರು, ಅದರಲ್ಲೂ ಭಾನುವಾರ ಸಂಜೆಯಾದರೆ, ನೆಲಮಂಗಲದವರೆಗಿನ ನಲವತ್ತು ಚಿಲ್ಲರೆ ಕಿಲೋಮೀಟರಿಗೇ ಒಂದೂವರೆ ಗಂಟೆ ತೆಗೆದಿಡಲಿ, ಇಲ್ಲವೇ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಲಾರಿಗಳ ಸಾಲು ಕರಗುವವರೆಗೆ ಕೂರಲಿ.