ನಿಮ್ಮ ಊರಿನ ಖಾನಾವಳಿ ನಕ್ಷೆಯಲ್ಲಿದೆಯೇ?



ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬರುವ ಪ್ರವಾಸಿಗರನ್ನು ನೀವು ಗಮನಿಸಿರಬಹುದು. ಹಿಂದೆ ಹೊಲದ ಬದಿಗೆ ಗಾಡಿ ನಿಲ್ಲಿಸಿ, ಊಟ ಎಲ್ಲಿ ಸಿಗುತ್ತದೆ ಎಂದು ನಿಮ್ಮನ್ನೇ ಕೇಳುತ್ತಿದ್ದರು. ಈಗ ಕೇಳುವವರು ಕಡಿಮೆ. ಮೊಬೈಲಿನಲ್ಲಿ ಗೂಗಲ್ ನಕ್ಷೆ ತೆರೆದು, ಅದು ತೋರಿಸಿದ ಹೋಟೆಲಿಗೆ ನೇರವಾಗಿ ಹೋಗುತ್ತಾರೆ. ನಕ್ಷೆಯಲ್ಲಿ ಇಲ್ಲದ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಸಿದ್ಧವಿದ್ದರೂ ಅದರ ಮುಂದಿನಿಂದಲೇ ಗಾಡಿ ಹಾದುಹೋಗುತ್ತದೆ. ಪಟ್ಟದಕಲ್ಲಿನ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ. ದೇಶ ವಿದೇಶಗಳಿಂದ ಜನ ಬರುತ್ತಾರೆ. ಅವರು ಖರ್ಚು ಮಾಡುವ ಹಣದಲ್ಲಿ ದಾರಿಯ ಮೇಲಿನ ಹಳ್ಳಿಗಳಿಗೆ ಎಷ್ಟು ಉಳಿಯುತ್ತದೆ ಎಂಬುದೇ ಪ್ರಶ್ನೆ.

ಈ ನಕ್ಷೆಯನ್ನೆಲ್ಲ ಯಾವುದೋ ದೊಡ್ಡ ಕಂಪನಿಯವರೇ ಕುಳಿತು ಬರೆಯುತ್ತಾರೆಂದು ಬಹಳ ಜನ ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ನಕ್ಷೆಯನ್ನು ಬೆಳೆಸಿದವರು ಹೆಚ್ಚಾಗಿ ಸ್ವಯಂಸೇವಕರೇ. ಗೂಗಲ್ ಸಂಸ್ಥೆ ಕೂಡ 2008ರಲ್ಲಿ ಮ್ಯಾಪ್ ಮೇಕರ್ ಎಂಬ ಸಾಧನವನ್ನು ಜನರ ಕೈಗೆ ಕೊಟ್ಟಿತು. ನಮ್ಮ ದೇಶದ ಎಷ್ಟೋ ರಸ್ತೆ, ಅಂಗಡಿ, ಶಾಲೆಗಳನ್ನು ಅದರಲ್ಲಿ ಗುರುತಿಸಿದವರು ಸಂಬಳವಿಲ್ಲದ ಸಾಮಾನ್ಯ ಜನ. 2017ರಲ್ಲಿ ಅದು ನಿಂತಿತಾದರೂ, ಸ್ಥಳ ಸೇರಿಸುವ ಅವಕಾಶ ಈಗ ಗೂಗಲ್ ನಕ್ಷೆಯ ಒಳಗೇ ಇದೆ.

ಊರವರು ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ದೂರದ ಫೇರೋ ದ್ವೀಪಗಳ ಸಂಗತಿ ಕೇಳಿರಿ. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ ಈ 18 ದ್ವೀಪಗಳಲ್ಲಿ ಜನರಿಗಿಂತ ಕುರಿಗಳೇ ಹೆಚ್ಚು. ರಸ್ತೆಯಲ್ಲಿ ನಿಂತು ನೋಡಿದಂತೆ ಚಿತ್ರ ತೋರಿಸುವ ಗೂಗಲ್ಲಿನ 'ಸ್ಟ್ರೀಟ್ ವ್ಯೂ' ಅಲ್ಲಿಗೆ ಬಂದಿರಲಿಲ್ಲ. 2016ರಲ್ಲಿ ಅಲ್ಲಿಯ ಪ್ರವಾಸೋದ್ಯಮ ಕಚೇರಿಯವರು ಕುರಿಗಳ ಬೆನ್ನಿಗೇ ಸುತ್ತಲಿನ ಚಿತ್ರ ತೆಗೆಯುವ, ಸೌರಶಕ್ತಿಯ ಕ್ಯಾಮರಾ ಕಟ್ಟಿ ಗುಡ್ಡಕ್ಕೆ ಬಿಟ್ಟರು! ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಅದೇ ವರ್ಷ ಗೂಗಲ್ಲಿನವರು ಕ್ಯಾಮರಾ ತೆಗೆದುಕೊಂಡು ಬಂದು, ಊರವರಿಗೂ ಪ್ರವಾಸಿಗರಿಗೂ ಎರವಲು ಕೊಟ್ಟರು. ನಮ್ಮ ಕುರಿಗಾರರು ಇದನ್ನು ಓದಿ ನಗಬಹುದು. ಇಲ್ಲಿಯ ಕುರಿಯಾದರೆ ಕ್ಯಾಮರಾ ಸಮೇತ ಜಾಲಿಯ ಕಂಟಿಯೊಳಗೆ ನುಗ್ಗುತ್ತಿತ್ತು.

ನಮಗೆ ಕುರಿಯೂ ಬೇಡ, ಕ್ಯಾಮರಾವೂ ಬೇಡ. ವಾಚನಾಲಯಕ್ಕೆ ಬರುವ ಇಬ್ಬರು ಯುವಕರು ಮತ್ತು ಒಂದು ಮೊಬೈಲು ಸಾಕು. ಆದರೆ ಕೆಲಸವನ್ನು ಸ್ಥಳಕ್ಕೇ ಹೋಗಿ ಮಾಡತಕ್ಕದ್ದು. ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಊರಿನ ಆಲೆಮನೆಯನ್ನು ನಾನೇ ಉತ್ಸಾಹದಿಂದ ನಕ್ಷೆಗೆ ಸೇರಿಸಿದೆ. ಕಚೇರಿಯಲ್ಲಿ ಕುಳಿತು, ಅಂದಾಜಿನ ಮೇಲೆ ಗುರುತು ಹಾಕಿದ್ದೆ. ಅದು ಆಲೆಮನೆಯಿಂದ ಎರಡು ಹೊಲ ಆಚೆ ಬಿದ್ದಿತ್ತು. ತಾಜಾ ಬೆಲ್ಲ ಕೊಳ್ಳಲು ಬಂದ ಒಂದು ಕಾರು ನಕ್ಷೆಯನ್ನೇ ನಂಬಿ, ಆಗತಾನೇ ನೀರು ಹಾಯಿಸಿದ್ದ ಹೊಲದೊಳಗೆ ಇಳಿದು ಹೂತುಕೊಂಡಿತು. ಹೊಲದವರು ನನಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬೆಲ್ಲವಂತೂ ಅಂದು ಮಾರಾಟವಾಗಲಿಲ್ಲ. ಇನ್ನೊಂದು ತಪ್ಪನ್ನೂ ಮಾಡಿದ್ದೆ: ಕಬ್ಬು ಅರೆಯುವ ಹಂಗಾಮಿನಲ್ಲಿ ಮಾತ್ರ ಆಲೆ ನಡೆಯುತ್ತದೆಂಬುದನ್ನು ನಮೂದಿಸಿರಲಿಲ್ಲ. ಬೇಸಿಗೆಯಲ್ಲಿ ಬಂದವರು ಬರಿ ಒಲೆ ನೋಡಿ ಹಿಂದಿರುಗಿದರು.

ಆದ್ದರಿಂದ ಅಂಗಡಿಯ ಬಾಗಿಲಲ್ಲೇ ನಿಂತು ಮೊಬೈಲಿನ ಲೊಕೇಶನ್ ಚಾಲೂ ಮಾಡಿರಿ. ಮೊದಲು ಹುಡುಕಿ ನೋಡಿರಿ. ಬೇರೆ ಹೆಸರಿನಿಂದ ಆಗಲೇ ಸೇರಿರಬಹುದು. ಇಲ್ಲದಿದ್ದರೆ ಹೆಸರನ್ನು ಫಲಕದ ಮೇಲೆ ಇದ್ದಂತೆಯೇ ಬರೆದು, ಯಾವ ಬಗೆಯ ವ್ಯಾಪಾರವೆಂದು ಆರಿಸಿ, ಗುರುತನ್ನು ಬೆರಳಿನಿಂದ ಸರಿಸಿ ಬಾಗಿಲಿಗೆ ಕೂರಿಸಿರಿ. ತೆರೆಯುವ, ಮುಚ್ಚುವ ವೇಳೆ, ವಾರದ ರಜೆ, ಹಗಲು ಬೆಳಕಿನಲ್ಲಿ ತೆಗೆದ ಎರಡು ಮೂರು ಫೋಟೋ ಸೇರಿಸಿದರೆ ಆಯಿತು. ಕಳಿಸಿದ ಕೂಡಲೇ ಕಾಣಿಸದೆ ಇರಬಹುದು. ಸಂಸ್ಥೆಯವರು ಪರಿಶೀಲಿಸಿದ ಮೇಲೆ ಪ್ರಕಟವಾಗುತ್ತದೆ.

ಮಾಲೀಕರನ್ನು ಕೇಳದೆ ಏನನ್ನೂ ಸೇರಿಸಕೂಡದು. ಮನೆಯಲ್ಲೇ ಊಟ, ವಸತಿ ಒದಗಿಸುವ ಹೆಣ್ಣುಮಕ್ಕಳ ಫೋನ್ ನಂಬರು ಒಮ್ಮೆ ನಕ್ಷೆಗೆ ಬಂದರೆ ರಾತ್ರಿ ಹೊತ್ತಿನಲ್ಲೂ ಅಪರಿಚಿತರ ಕರೆ ಬರಬಹುದು. ಆ ನಂಬರು ಹಾಕಬೇಕೋ ಬೇಡವೋ ಎಂಬುದು ಅವರದೇ ತೀರ್ಮಾನ. ಹೋಂಸ್ಟೇ ನಡೆಸುವವರು ಪ್ರವಾಸೋದ್ಯಮ ಇಲಾಖೆಯ ನೋಂದಣಿಯನ್ನು ಮೊದಲು ಮಾಡಿಸಿಕೊಳ್ಳುವುದು ಒಳ್ಳೆಯದು.

ಬನಶಂಕರಿಯಲ್ಲಿ ಬುಟ್ಟಿ ಹೊತ್ತು ರೊಟ್ಟಿ, ಪಲ್ಯ, ಮೊಸರು ಮಾರುವ ತಾಯಂದಿರ ವಿಷಯ ಬೇರೆ. ಅವರಿಗೆ ಬಾಗಿಲೂ ಇಲ್ಲ, ಫಲಕವೂ ಇಲ್ಲ; ಗುರುತು ಹಾಕಲು ಬರುವುದಿಲ್ಲ. ಅವರ ಕೈಯ ಊಟ ಉಂಡವರು ಗುಡಿಯ ಗುರುತಿನ ಕೆಳಗೇ ನಾಲ್ಕು ಮಾತು ಬರೆದರೆ, ಮುಂದೆ ಬರುವವರು ಹೋಟೆಲು ಹುಡುಕುವ ಮುನ್ನ ಬುಟ್ಟಿಯ ಕಡೆ ನೋಡಿಯಾರು. ಉಣ್ಣದೆ ಹೊಗಳಿ ಬರೆಯುವುದಾಗಲಿ, ಎದುರಂಗಡಿಯನ್ನು ತೆಗಳಿ ಬರೆಯುವುದಾಗಲಿ ಬೇಡ. ಊರೊಳಗೆ ಜಗಳಕ್ಕೆ ಈಗಿರುವ ಕಾರಣಗಳೇ ಸಾಕಷ್ಟಿವೆ.

ಈ ಸೇವೆಗೆ ಶುಲ್ಕವಿಲ್ಲ. ಅಂಗಡಿಯವರು ತಮ್ಮ ಒಡೆತನ ದೃಢಪಡಿಸಿಕೊಂಡರೆ ವೇಳೆ, ಫೋಟೋಗಳನ್ನು ತಾವೇ ಬದಲಿಸಿಕೊಳ್ಳಬಹುದು. ಇದಕ್ಕೂ ಹಣ ಕೊಡಬೇಕಾಗಿಲ್ಲ. "ಗೂಗಲ್ಲಿನಿಂದ ಮಾತಾಡುತ್ತಿದ್ದೇವೆ, ಹಣ ಕಟ್ಟದಿದ್ದರೆ ನಿಮ್ಮ ಹೆಸರು ತೆಗೆದುಹಾಕುತ್ತೇವೆ" ಎಂದು ಯಾರಾದರೂ ಕರೆ ಮಾಡಿದರೆ ಫೋನು ಇಟ್ಟುಬಿಡಿರಿ. ಮೊಬೈಲಿಗೆ ಬಂದ ಓಟಿಪಿ ಸಂಖ್ಯೆಯನ್ನು ಅಂಥವರಿಗೆ ಹೇಳಲೇಬಾರದು.

ಯುಗಾದಿಗೊಮ್ಮೆ, ದಸರೆಗೊಮ್ಮೆ ಎಲ್ಲ ಗುರುತುಗಳನ್ನೂ ತೆರೆದು ನೋಡಿರಿ. ಮುಚ್ಚಿದ ಅಂಗಡಿಯನ್ನು ಮುಚ್ಚಿದೆ ಎಂದೇ ಗುರುತಿಸಿರಿ. ಬದಲಾದ ಫೋನ್ ನಂಬರನ್ನು ಅಂದೇ ತಿದ್ದಿರಿ.